ಹಿತ್ತಿಲಿಗೆ ತುಡುವೆ ಜೇನು: ಮೊದಲ ಪೆಟ್ಟಿಗೆಯಿಂದ ಮೊದಲ ಮಳೆಗಾಲದವರೆಗೆ

ನಾನು ಮೊದಲು ತಂದ ಜೇನು ಕುಟುಂಬ ನಮ್ಮ ಮನೆಯಲ್ಲಿ ಇದ್ದದ್ದು ಹನ್ನೊಂದೇ ದಿನ. ಹನ್ನೆರಡನೆಯ ದಿನ ಬೆಳಗ್ಗೆ ಹತ್ತು ಗಂಟೆ ಸುಮಾರಿಗೆ ಹುಳುಗಳೆಲ್ಲ ಪೆಟ್ಟಿಗೆಯ ಬಾಗಿಲಿಂದ ಸುರಿದ ಹಾಗೆ ಹೊರಗೆ ಬಂದವು. ಹಲಸಿನ ಮರಕ್ಕೆ ಒಂದು ಸುತ್ತು ಹಾಕಿ ಬೆಟ್ಟದ ಕಡೆ ಹೊರಟೇ ಹೋದವು. ಮುಚ್ಚಳ ತೆಗೆದು ನೋಡಿದರೆ ಖಾಲಿ ಎರಿ (ಹುಳುಗಳು ಮೇಣದಲ್ಲಿ ಕಟ್ಟುವ ಕೋಶಗಳ ಹಲಗೆ), ಅದರ ಮೇಲೆ ಸಾಲುಗಟ್ಟಿದ ಇರುವೆ. ಕುಟುಂಬ ಕೊಟ್ಟ ಹಿರಿಯರ ಹತ್ತಿರ ಹೋಗಿ ಹೇಳಿಕೊಂಡೆ. ಅವರು ಕೇಳಿದ್ದು ಎರಡೇ ಪ್ರಶ್ನೆ: "ತಮ್ಮಾ, ಎಷ್ಟು ಸಲ ಮುಚ್ಚಳ ತೆಗೆದೆ? ಸ್ಟ್ಯಾಂಡಿನ ಬಟ್ಟಲಿಗೆ ನೀರು ಹಾಕ್ತಾ ಇದ್ಯಾ?"

ಮುಚ್ಚಳ ದಿನಾ ತೆಗೆದಿದ್ದೆ. ಬಟ್ಟಲಿನ ನೀರು ಆರಿಹೋಗಿದ್ದನ್ನು ನೋಡಿರಲಿಲ್ಲ.

ದನಕ್ಕೆ ಹಗ್ಗ ಇದೆ, ಕೋಳಿಗೆ ಗೂಡು ಇದೆ. ತುಡುವೆಯನ್ನು ಹಿಡಿದಿಡುವ ಯಾವ ಸಾಧನವೂ ಇಲ್ಲ. ಹಿತವಾಗಿದ್ದಷ್ಟು ದಿನ ಇರುತ್ತದೆ, ಇಲ್ಲವಾದರೆ ಕಟ್ಟಿದ ಎರಿ, ಕೂಡಿಟ್ಟ ತುಪ್ಪ ಎಲ್ಲ ಬಿಟ್ಟು ಎದ್ದು ಹೋಗುತ್ತದೆ. ಈ ಬರಹದಲ್ಲಿ ಹೇಳುವ ಪ್ರತಿ ಕೆಲಸವೂ, ಪೆಟ್ಟಿಗೆ ಎಲ್ಲಿಡಬೇಕು ಎನ್ನುವುದರಿಂದ ಹಿಡಿದು ಎಷ್ಟು ತುಪ್ಪ ತೆಗೆಯಬಹುದು ಎನ್ನುವವರೆಗೆ, ಅದಕ್ಕೆ ಎದ್ದು ಹೋಗಲು ಕಾರಣ ಸಿಗದ ಹಾಗೆ ನೋಡಿಕೊಳ್ಳುವ ಉಪಾಯವೇ. ಮೊದಲ ವರ್ಷ ಇದೊಂದನ್ನು ಸಾಧಿಸಿದರೆ ಉಳಿದದ್ದು ತಾನಾಗಿ ಕೈಗೆ ಬರುತ್ತದೆ.

ಯಾವ ಜೇನು ಸಾಕುವುದು

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಜೇನುಗಳಲ್ಲಿ ಹೆಜ್ಜೇನು ಮತ್ತು ಕೋಲುಜೇನು ಪೆಟ್ಟಿಗೆಗೆ ಬರುವಂಥವಲ್ಲ. ಎರಡೂ ತೆರೆದ ಜಾಗದಲ್ಲಿ ಒಂದೇ ಎರಿ ಕಟ್ಟುತ್ತವೆ. ಹೆಜ್ಜೇನು ಎತ್ತರದ ಮರದಲ್ಲೋ ಬಂಡೆಯಲ್ಲೋ ನೀರಿನ ಟ್ಯಾಂಕಿನ ಅಡಿಯಲ್ಲೋ ಕೂರುತ್ತದೆ, ಕೋಲುಜೇನು ಬೇಲಿಯ ಕಡ್ಡಿಗೆ ಕಟ್ಟುತ್ತದೆ. ಪೆಟ್ಟಿಗೆಗೆ ಒಗ್ಗುವುದು ತುಡುವೆ. ಶಾಸ್ತ್ರದ ಹೆಸರು ಏಪಿಸ್ ಸೆರಾನಾ. ಮರದ ಪೊಟರೆ, ಹುತ್ತ, ಕಲ್ಲಿನ ಗೋಡೆಯ ಸಂದಿ ಇಂಥ ಕತ್ತಲ ಜಾಗದಲ್ಲಿ ಒಂದರ ಪಕ್ಕ ಒಂದು ಎರಿ ಕಟ್ಟುವ ಜಾತಿ ಇದು. ಪೆಟ್ಟಿಗೆಯೂ ಅದಕ್ಕೆ ಇನ್ನೊಂದು ಪೊಟರೆ.

ಯುರೋಪಿನ ಮೆಲ್ಲಿಫೆರಾ ಜೇನನ್ನೂ ನಮ್ಮಲ್ಲಿ ಸಾಕುತ್ತಾರೆ. ತುಪ್ಪ ಹೆಚ್ಚು ಕೊಡುತ್ತದೆ. ಆದರೆ ಹೂವು ಹುಡುಕಿಕೊಂಡು ಪೆಟ್ಟಿಗೆಗಳನ್ನು ಲಾರಿಯಲ್ಲಿ ಊರೂರಿಗೆ ಸಾಗಿಸುವವರಿಗೆ ಅದು ಸರಿ. ಒಂದೇ ಜಾಗದಲ್ಲಿ ಒಂದೆರಡು ಪೆಟ್ಟಿಗೆ ಇಡುವವರಿಗೆ, ಅದರಲ್ಲೂ ಮಲೆನಾಡು, ಕರಾವಳಿ, ಕೊಡಗಿನವರಿಗೆ, ತುಡುವೆಯೇ ಸೈ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿನ ಮಳೆ ಅದಕ್ಕೆ ಗೊತ್ತು, ಇಲ್ಲಿನ ಶತ್ರುಗಳೂ ಗೊತ್ತು. ಮೆಲ್ಲಿಫೆರಾ ಸಾಕುವವರನ್ನು ಹೈರಾಣ ಮಾಡುವ ವರೋವಾ ಉಣ್ಣಿ ಮೂಲದಲ್ಲಿ ತುಡುವೆಯದೇ ಉಣ್ಣಿ. ಸಾವಿರಾರು ವರ್ಷ ಜೊತೆಗೆ ಬದುಕಿ ಅದನ್ನು ಹೆಕ್ಕಿ ಎಸೆಯುವುದನ್ನು ತುಡುವೆ ಕಲಿತಿದೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಅಥವಾ ಪೇಟೆಯಲ್ಲಿ ಬರೀ ಬಾಲ್ಕನಿ ಇದ್ದರೆ, ಮುಜಂಟಿ ಜೇನಿನಿಂದ ಶುರು ಮಾಡಿ. ನಮ್ಮ ಕಡೆ ಮಿಸ್ರಿ ಅಂತಲೂ ಹೇಳುತ್ತೇವೆ. ಮುಳ್ಳಿಲ್ಲದ ಪುಟ್ಟ ಜೇನು. ತುಪ್ಪ ತೀರಾ ಕಡಿಮೆ, ಸಾಕುವ ರೀತಿಯೇ ಬೇರೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಇಲ್ಲಿಂದ ಮುಂದೆ ಎಲ್ಲ ತುಡುವೆಯ ಮಾತು.

ಶುರು ಮಾಡುವ ತಿಂಗಳು

ಎಷ್ಟೋ ಜನ ತುಪ್ಪದ ಕಾಲ ನೋಡಿ ಮಾರ್ಚಿನಲ್ಲಿ ಪೆಟ್ಟಿಗೆ ತರುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಕುಟುಂಬ ನೆಲೆಯೂರಿ ಬೆಳೆಯಲು ಎರಡು ಮೂರು ತಿಂಗಳು ಬೇಕು. ಅದು ಬೆಳೆಯುವ ಹೊತ್ತಿಗೆ ಮಳೆ ಹಿಡಿಯುತ್ತದೆ. ನಮ್ಮ ಕಡೆಯ ಲೆಕ್ಕದಲ್ಲಿ ದೀಪಾವಳಿಯ ಆಸುಪಾಸು, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್, ಒಳ್ಳೆಯ ಸಮಯ. ಮಳೆ ಬಿಟ್ಟಿರುತ್ತದೆ, ನಾಚಿಕೆಮುಳ್ಳಿನ ಹೂವಿಂದ ಪರಾಗ ಬರುತ್ತಿರುತ್ತದೆ, ಕುಟುಂಬಗಳು ಹಿಗ್ಗುವ ಹುಮ್ಮಸ್ಸಿನಲ್ಲಿರುತ್ತವೆ.

ಪೆಟ್ಟಿಗೆ ತರುವ ಮೊದಲು ಒಂದು ನೋಟ್‌ಬುಕ್ ಇಟ್ಟುಕೊಂಡು ನಿಮ್ಮ ಸುತ್ತಲಿನ ಹೂವುಗಳನ್ನು ಬರೆದುಕೊಳ್ಳಿ. ತುಡುವೆ ಮೇವಿಗೆ ಹೆಚ್ಚು ದೂರ ಹೋಗುವುದಿಲ್ಲ. ಒಂದು ಕಿಲೋಮೀಟರಿನ ಒಳಗೆ ಸಿಗುವುದೇ ಅದರ ಮುಖ್ಯ ಊಟ. ಹಾಗಾಗಿ ನಿಮ್ಮ ಹಿತ್ತಿಲೊಂದೇ ಸಾಲದು, ಇಡೀ ಕೇರಿಯೇ ಅದರ ತೋಟ. ಮಲೆನಾಡಿನಲ್ಲಿ ಅಂಟುವಾಳ, ಕುಂಟುನೇರಳೆ, ನೇರಳೆ, ಮತ್ತಿ ಹೀಗೆ ಒಂದಾದ ಮೇಲೊಂದು ಬರುತ್ತವೆ. ಕರಾವಳಿಯ ರಬ್ಬರ್ ತೋಟಗಳಲ್ಲಿ ಎಲೆ ಉದುರಿ ಹೊಸ ಚಿಗುರು ಬರುವಾಗ ಆ ಎಳೆ ಎಲೆಯ ತೊಟ್ಟಿನಲ್ಲಿ ಮಕರಂದ ಒಸರುತ್ತದೆ, ಹೂವೇ ಬೇಕಿಲ್ಲ. ಕೊಡಗು, ಚಿಕ್ಕಮಗಳೂರಿನಲ್ಲಿ ಹೂಮಳೆ ಬಿದ್ದ ಒಂದು ವಾರ ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಬಯಲುಸೀಮೆಯವರಿಗೆ ಹೊಂಗೆ, ಹುಣಸೆ, ಹುಚ್ಚೆಳ್ಳು, ಸೂರ್ಯಕಾಂತಿ. ತೆಂಗು ಇರುವ ಕಡೆ ವರ್ಷವಿಡೀ ಸ್ವಲ್ಪ ಪರಾಗ ಇದ್ದೇ ಇರುತ್ತದೆ. ಬೇಲಿಗೆ ಆಂಟಿಗೋನಾನ್ ಬಳ್ಳಿ ಹಬ್ಬಿಸಿ. ಆ ಗುಲಾಬಿ ಹೂಗೊಂಚಲಿನಲ್ಲಿ ತಿಂಗಳುಗಟ್ಟಲೆ ಜೇನು ಮುತ್ತಿಕೊಂಡಿರುತ್ತದೆ.

ಜಾಗ

ಬೆಳಗಿನ ಎಳೆ ಬಿಸಿಲು ಬೀಳಬೇಕು, ಮಧ್ಯಾಹ್ನ ನೆರಳಿರಬೇಕು. ಬಾಗಿಲು ಪೂರ್ವಕ್ಕಿದ್ದರೆ ಒಳ್ಳೆಯದು, ಹುಳುಗಳು ಬೇಗ ಕೆಲಸಕ್ಕೆ ಇಳಿಯುತ್ತವೆ. ಎದುರಿಗೆ ಹತ್ತು ಹದಿನೈದು ಅಡಿ ಖಾಲಿ ಇರಲಿ. ಜನ, ದನ ಓಡಾಡುವ ದಾರಿಗೆ ಮುಖ ಮಾಡಿ ಇಡಬೇಡಿ. ಪಕ್ಕದ ಮನೆಯವರ ಅಂಗಳ ಹತ್ತಿರವಿದ್ದರೆ ನಡುವೆ ಆಳೆತ್ತರದ ಗಿಡದ ಸಾಲೋ ಹಸಿರು ಪರದೆಯೋ ಇರಲಿ. ಆಗ ಹುಳುಗಳು ಮೇಲೆದ್ದು ಹಾರುತ್ತವೆ, ಯಾರ ಮುಖಕ್ಕೂ ಅಡ್ಡ ಬರುವುದಿಲ್ಲ. ಅವರಿಗೆ ಮೊದಲೇ ಒಂದು ಮಾತು ಹೇಳಿ, ಮೊದಲ ತುಪ್ಪದಲ್ಲಿ ಒಂದು ಬಾಟಲಿ ಅವರಿಗೆ ಅಂತಲೂ ಹೇಳಿ.

ಜಗಲಿಯ ದೀಪದ ಹತ್ತಿರ ಪೆಟ್ಟಿಗೆ ಬೇಡ. ಸಂಜೆ ದೀಪ ಹಾಕಿದರೆ ಹುಳುಗಳು ಬಂದು ಬಲ್ಬಿಗೆ ಬಡಿದುಕೊಂಡು ಸಾಯುತ್ತವೆ. ದೀಪದ ಕೆಳಗೆ ಕೂತವರಿಗೂ ಕಡಿತ ತಪ್ಪಿದ್ದಲ್ಲ. ಹತ್ತಿರದಲ್ಲಿ ನೀರು ಬೇಕು. ಒಂದು ಅಗಲ ತಟ್ಟೆಯಲ್ಲಿ ಜಲ್ಲಿಕಲ್ಲು ಹಾಕಿ, ಕಲ್ಲಿನ ತಲೆ ಮುಳುಗದಷ್ಟು ನೀರಿಡಿ. ಬರೀ ನೀರಿಟ್ಟರೆ ಮುಳುಗಿ ಸಾಯುತ್ತವೆ.

ಜಾಗ ಒಮ್ಮೆ ನಿಶ್ಚಯವಾದರೆ ಬದಲಿಸುವುದು ಸುಲಭವಲ್ಲ. ಹೊರಗೆ ಹೋದ ಹುಳು ಹಳೆಯ ಜಾಗವನ್ನೇ ಗುರುತಿಟ್ಟುಕೊಂಡು ಬರುತ್ತದೆ. ಹತ್ತಡಿ ಆಚೆ ಇಟ್ಟರೂ ಖಾಲಿ ಗಾಳಿಯಲ್ಲಿ ಸುತ್ತುತ್ತಾ ಇರುತ್ತದೆ. ಸರಿಸಲೇಬೇಕಾದರೆ ದಿನಕ್ಕೆ ಅರ್ಧ ಅಡಿ ಒಂದು ಅಡಿಯಂತೆ ಸರಿಸಿ, ಇಲ್ಲವೇ ರಾತ್ರಿ ಬಾಗಿಲು ಮುಚ್ಚಿ ಎರಡು ಮೂರು ಕಿಲೋಮೀಟರ್ ದೂರಕ್ಕೇ ಒಯ್ಯಿರಿ.

ಪೆಟ್ಟಿಗೆ, ಸಾಮಾನು

ದಕ್ಷಿಣದಲ್ಲಿ ತುಡುವೆಗೆ ಹೆಚ್ಚಾಗಿ ಬಳಸುವುದು ನ್ಯೂಟನ್ ಪೆಟ್ಟಿಗೆ. ಹೆಸರು ಕೇಳಿ ವಿಜ್ಞಾನಿ ನ್ಯೂಟನ್ ಅಂದುಕೊಳ್ಳುವವರಿದ್ದಾರೆ. ಇವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿರುಚಿನಾಪಳ್ಳಿಯಲ್ಲಿದ್ದ ಫಾದರ್ ನ್ಯೂಟನ್. ನಮ್ಮ ತುಡುವೆಯ ಗಾತ್ರಕ್ಕೆ ತಕ್ಕ ಚಿಕ್ಕ ಪೆಟ್ಟಿಗೆ ಮಾಡಿ ಜನರಿಗೆ ತರಬೇತಿ ಕೊಟ್ಟವರು. ಇಂಥ ಎಲ್ಲ ಪೆಟ್ಟಿಗೆಗಳ ಹಿಂದೆ ಇರುವುದು ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಗಮನಿಸಿದ ಒಂದು ಸಂಗತಿ: ಎರಡು ಎರಿಯ ನಡುವೆ ಹುಳು ಓಡಾಡುವಷ್ಟೇ ಸಂದಿ ಬಿಟ್ಟರೆ ಅದನ್ನು ಹುಳುಗಳು ಮುಚ್ಚುವುದಿಲ್ಲ. ಜಾಸ್ತಿ ಬಿಟ್ಟರೆ ಅಡ್ಡ ಎರಿ ಕಟ್ಟಿ ಅಂಟಿಸಿಬಿಡುತ್ತವೆ. ಆ ಸಂದಿ ಸರಿಯಾಗಿದ್ದರೆ ಮಾತ್ರ ಒಂದೊಂದು ಚೌಕಟ್ಟನ್ನೂ ಎತ್ತಿ ನೋಡಿ ಮತ್ತೆ ಇಡಬಹುದು. ಅದಕ್ಕೇ ಊರಿನ ಬಡಗಿಯಿಂದ ಅಂದಾಜಿನಲ್ಲಿ ಪೆಟ್ಟಿಗೆ ಮಾಡಿಸಬೇಡಿ. ಅಳತೆಯ ಮಾದರಿ ಪೆಟ್ಟಿಗೆ ಎದುರಿಗಿಟ್ಟು ಮಾಡಿಸಿ, ಅಥವಾ ಮಾಡಿದ್ದನ್ನೇ ಕೊಳ್ಳಿ.

ಪೆಟ್ಟಿಗೆಯ ಭಾಗಗಳು ಇಷ್ಟು: ಅಡಿಮಣೆ, ಅದರ ಮೇಲೆ ಸಂಸಾರ ಕೋಣೆ, ಅದರ ಮೇಲೆ ಅರ್ಧದಷ್ಟು ಎತ್ತರದ ತುಪ್ಪದ ಕೋಣೆ, ಮೇಲೆ ಮುಚ್ಚಳ. ಸಂಸಾರ ಕೋಣೆಯ ಚೌಕಟ್ಟು ಸುಮಾರು 8 ಇಂಚು ಅಗಲ, ಐದೂ ಮುಕ್ಕಾಲು ಇಂಚು ಎತ್ತರ. ಮೊಟ್ಟೆ, ಮರಿ, ಪರಾಗ ಎಲ್ಲ ಅಲ್ಲಿ. ಹಳೆಯ, ಒಣಗಿದ ಮರ ಇರಲಿ. ಹೊಸ ಬಣ್ಣದ ವಾಸನೆ ಬರುವ ಪೆಟ್ಟಿಗೆಗೆ ಹುಳು ಬಿಟ್ಟರೆ ನಿಲ್ಲುವುದಿಲ್ಲ. ಬಣ್ಣ ಹೊರಮೈಗೆ ಮಾತ್ರ ಹಚ್ಚಿ, ಎರಡು ಮೂರು ವಾರ ಗಾಳಿಗಿಟ್ಟು ವಾಸನೆ ಹೋದ ಮೇಲೆ ಬಳಸಿ. ಒಳಗೆ ಒಂದಿಷ್ಟು ಜೇನುಮೇಣ ಉಜ್ಜಿದರೆ ಒಳ್ಳೆಯದು.

ನಾಲ್ಕು ಕಾಲಿನ ಸ್ಟ್ಯಾಂಡ್, ಪ್ರತಿ ಕಾಲಿನ ಅಡಿಗೆ ನೀರಿನ ಬಟ್ಟಲು. ಒಂಟಿ ಕಂಬದ ಸ್ಟ್ಯಾಂಡಾದರೆ ಕಂಬದ ನಡುವೆ ನೀರು ನಿಲ್ಲುವ ಬಟ್ಟಲು. ನೀರಿಗೆ ಒಂದೆರಡು ಹನಿ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ, ಸೊಳ್ಳೆಯೂ ಆಗುವುದಿಲ್ಲ. ಮುಖಕ್ಕೆ ಪರದೆ, ಹೊಗೆ ಹಾಕುವ ತಿದಿ, ಚೌಕಟ್ಟು ಮೀಟಲು ಒಂದು ಚಪ್ಪಟೆ ಉಳಿ. ತುಪ್ಪ ತೆಗೆಯುವ ಯಂತ್ರ ಮೊದಲ ವರ್ಷ ಕೊಳ್ಳಬೇಡಿ, ಹತ್ತಿರದ ಜೇನು ಸಾಕುವವರಲ್ಲಿ ಎರವಲು ಸಿಗುತ್ತದೆ. ತಾಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ತರಬೇತಿ, ಸಹಾಯಧನದ ಬಗ್ಗೆ ವಿಚಾರಿಸಿ. ಬೆಂಗಳೂರಿನ ಸುತ್ತ ಇರುವವರಿಗೆ ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಜೇನು ಕೃಷಿಯ ವಿಭಾಗವೇ ಇದೆ. ಪುಸ್ತಕ ಓದುವ ಮುಂಚೆ ಒಬ್ಬ ಅನುಭವಸ್ಥರ ಪಕ್ಕ ನಿಂತು ಎರಡು ಸಲ ಪೆಟ್ಟಿಗೆ ತೆಗೆಯುವುದನ್ನು ನೋಡಿ. ಭಯ ಹೋಗುವುದು ಹಾಗೇ.

ಕುಟುಂಬ ತರುವುದು

ಎರಡು ದಾರಿ. ಸಾಕಿದವರಿಂದ ಕೊಳ್ಳುವುದು ಸುಲಭದ್ದು. ಕೊಳ್ಳುವಾಗ ನೋಡಬೇಕಾದ್ದು: ಕನಿಷ್ಠ ನಾಲ್ಕು ಎರಿಯ ಎರಡೂ ಮುಖ ಹುಳುಗಳಿಂದ ಮುಚ್ಚಿರಬೇಕು, ಮೊಟ್ಟೆ ಕಾಣಬೇಕು, ಮರಿಗಳು ಮುತ್ತಿನ ಹಾಗೆ ಬೆಳ್ಳಗೆ ಹೊಳೆಯಬೇಕು, ಹುಳಿ ವಾಸನೆ ಇರಬಾರದು. ಸಾಧ್ಯವಾದರೆ ಎರಡು ಕುಟುಂಬ ತನ್ನಿ. ಒಂದೇ ಇದ್ದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಒಂದರ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆಯ ಎರಿ ಕೊಟ್ಟು ಉಳಿಸಬಹುದು.

ಇನ್ನೊಂದು ದಾರಿ ಕಾಡು ಕುಟುಂಬವನ್ನು ಪೆಟ್ಟಿಗೆಗೆ ತುಂಬುವುದು. ಮನೆ ಗೋಡೆಯಲ್ಲೋ ತೋಟದ ಹುತ್ತದಲ್ಲೋ ಕೂತ ಜೇನಾದರೆ ಸರಿ, ಅರಣ್ಯದ ಮರ ಕಡಿದು ತರುವ ಕೆಲಸಕ್ಕೆ ಕೈ ಹಾಕಬೇಡಿ. ಇಳಿ ಹೊತ್ತಿನಲ್ಲಿ ಶುರು ಮಾಡಿ. ಸ್ವಲ್ಪ ಹೊಗೆ ಕೊಟ್ಟು ಬಾಯಿ ದೊಡ್ಡದು ಮಾಡಿ, ಎರಿಗಳನ್ನು ಒಂದೊಂದಾಗಿ ಬುಡದಿಂದ ಕೊಯ್ದು ತೆಗೆಯಿರಿ. ತುಪ್ಪದ ಭಾಗ ಬೇರೆ ಪಾತ್ರೆಗೆ ಹೋಗಲಿ. ಮೊಟ್ಟೆ ಮರಿ ಇರುವ ಭಾಗವನ್ನು ಚೌಕಟ್ಟಿನ ಅಳತೆಗೆ ಕೊಯ್ದು, ಮೇಲಿನ ಪಟ್ಟಿಗೆ ತಾಗುವ ಹಾಗೆ ಇಟ್ಟು ಒದ್ದೆ ಬಾಳೆನಾರಿನಿಂದ ಕಟ್ಟಿ. ಎರಿ ಗೂಡಿನಲ್ಲಿ ಹೇಗೆ ತೂಗುತ್ತಿತ್ತೋ ಹಾಗೇ ಇರಬೇಕು, ತಲೆಕೆಳಗಾಗಬಾರದು. ಉಳಿದ ಹುಳುಗಳನ್ನು ಕೈಯಲ್ಲೇ ಮೊಗೆದು ಪೆಟ್ಟಿಗೆಗೆ ಬಿಡಬಹುದು. ಮನೆ ಕಳೆದುಕೊಂಡ ಹುಳು ಅಚ್ಚರಿಯಾಗುವಷ್ಟು ಮೆತ್ತಗಿರುತ್ತದೆ. ರಾಣಿ ಒಳಗೆ ಸೇರಿತೆಂದರೆ ಹೊರಗಿನವು ಬಾಗಿಲ ಹತ್ತಿರ ಹಿಂಭಾಗ ಎತ್ತಿ ರೆಕ್ಕೆ ಬೀಸುತ್ತಾ ಉಳಿದವರನ್ನು ಕರೆಯುತ್ತವೆ, ಹಿಂಡೇ ಮೆರವಣಿಗೆಯಂತೆ ಒಳಗೆ ನಡೆಯುತ್ತದೆ. ಬಾಗಿಲಿಗೆ ರಾಣಿ ಗೇಟು ಹಾಕಿ ನಾಲ್ಕೈದು ದಿನ ಬಿಡಿ. ಕೆಲಸದ ಹುಳು ಅದರಲ್ಲಿ ನುಸುಳುತ್ತದೆ, ರಾಣಿಗೆ ಆಗುವುದಿಲ್ಲ. ಆಮೇಲೆ ತೆಗೆದುಬಿಡಿ.

ಬಾಳೆನಾರಿನ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ದಾರ ಕಟ್ಟಿದರೆ ನೀವೇ ಬಿಚ್ಚಬೇಕು. ಬಾಳೆನಾರಾದರೆ ಬಿಚ್ಚುವ ಕೆಲಸ ಹುಳುಗಳದ್ದು. ಎರಿಯನ್ನು ಮೇಣ ಹಾಕಿ ಪಟ್ಟಿಗೆ ಬೆಸೆದ ಮೇಲೆ ಆ ನಾರು ಅವಕ್ಕೆ ಕಸ. ನಾನು ಹೀಗೆ ತುಂಬಿದ ಮೊದಲ ಕುಟುಂಬದ ಬಾಗಿಲ ಎದುರು ಆರನೆಯ ದಿನ ಬೆಳಗ್ಗೆ ಒಂದು ಹುಳು ತನ್ನ ಮೈಗಿಂತ ಮೂರು ಪಟ್ಟು ಉದ್ದದ ನಾರಿನ ಎಳೆಯನ್ನು ಬಾಯಲ್ಲಿ ಕಚ್ಚಿ ಹಿಮ್ಮುಖವಾಗಿ ಎಳೆಯುತ್ತಿತ್ತು. ಬಾಗಿಲ ಅಂಚಿಗೆ ಬಂದು ರೆಕ್ಕೆ ಬಿಚ್ಚಿ ಹಾರಿ, ಎರಡಡಿ ಆಚೆ ಬಿಟ್ಟು ಬಂತು. ನೆಲದ ಮೇಲೆ ಅಂಥ ಹತ್ತಾರು ಎಳೆ ಬಿದ್ದಿದ್ದವು. ಮುಚ್ಚಳ ತೆಗೆಯದೆಯೇ ಗೊತ್ತಾಯಿತು, ಇವು ಇಲ್ಲೇ ಇರುತ್ತವೆ.

ತೆಗೆದು ನೋಡುವುದು

ವಾರ ಹತ್ತು ದಿನಕ್ಕೊಮ್ಮೆ ಸಾಕು. ಹೊಸ ಕುಟುಂಬವನ್ನು ಮೊದಲ ಒಂದು ವಾರ ಮುಟ್ಟಲೇಬೇಡಿ. ಬೆಳಗ್ಗೆ ಬಿಸಿಲು ಕಾಯ್ದ ಮೇಲೆ, ಮಳೆ ಮೋಡ ಇಲ್ಲದಾಗ ತೆಗೆಯಿರಿ. ಮರಿಗಳ ಸುತ್ತ 34–35 ಡಿಗ್ರಿ ಶಾಖವನ್ನು ಹುಳುಗಳು ಕಷ್ಟಪಟ್ಟು ಕಾಪಾಡುತ್ತಿರುತ್ತವೆ. ಪ್ರತಿ ಸಲ ಮುಚ್ಚಳ ತೆಗೆದಾಗಲೂ ಆ ಶ್ರಮ ಹೋಗುತ್ತದೆ ಎಂದು ನೆನಪಿಟ್ಟುಕೊಂಡರೆ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ತಿಳಿ ಬಣ್ಣದ ಬಟ್ಟೆ ಹಾಕಿ. ಸೆಂಟು, ಘಮದ ಎಣ್ಣೆ ಬೇಡ. ಆ ದಿನ ಬೆಳಗ್ಗೆ ಬಾಳೆಹಣ್ಣು ತಿಂದು ಹೋಗಬೇಡಿ. ಜೇನು ಕಡಿದಾಗ ಉಳಿದವರಿಗೆ ಅಪಾಯ ಸಾರುವ ವಾಸನೆಯಲ್ಲಿ ಬಾಳೆಹಣ್ಣಿನ ಘಮದ್ದೇ ರಾಸಾಯನಿಕ ಇದೆ. ಬಾಗಿಲ ಎದುರು ನಿಲ್ಲಬೇಡಿ, ಪಕ್ಕಕ್ಕೋ ಹಿಂದಕ್ಕೋ ನಿಲ್ಲಿ. ತಿದಿಗೆ ಒಣ ತೆಂಗಿನ ನಾರು ಹಾಕಿ ತಣ್ಣನೆಯ ಬಿಳಿ ಹೊಗೆ ಬರುವ ಹಾಗೆ ಮಾಡಿಕೊಂಡು ಬಾಗಿಲಿಗೆ ಎರಡು ಸಲ, ಮುಚ್ಚಳದ ಅಡಿಗೆ ಒಂದು ಸಲ ಊದಿ. ಅಷ್ಟೇ ಸಾಕು. ತುಡುವೆಗೆ ಹೊಗೆ ಜಾಸ್ತಿಯಾದರೆ ಎರಿ ಬಿಟ್ಟು ಮೂಲೆಗೆ ಗುಂಪುಗೂಡುತ್ತದೆ, ಅಲ್ಲಿಗೆ ನೋಡುವ ಕೆಲಸ ಕೆಟ್ಟಿತು.

ಅಂಚಿನ ಚೌಕಟ್ಟನ್ನು ಮೊದಲು ತೆಗೆದು ಪಕ್ಕಕ್ಕಿಟ್ಟರೆ ಉಳಿದವನ್ನು ಸರಿಸಲು ಜಾಗ ಸಿಗುತ್ತದೆ. ನೇರ ಮೇಲಕ್ಕೆ ಎತ್ತಿ, ಪೆಟ್ಟಿಗೆಯ ಮೇಲೆಯೇ ಹಿಡಿದು ನೋಡಿ. ರಾಣಿ ಜಾರಿದರೂ ಒಳಗೇ ಬೀಳುತ್ತದೆ. ಹೊಸ ಎರಿ ಹಪ್ಪಳದಷ್ಟು ಮೃದು, ಅಡ್ಡಡ್ಡ ಹಿಡಿದರೆ ತೂಕಕ್ಕೆ ಕಳಚಿ ಬೀಳುತ್ತದೆ. ಇನ್ನೊಂದು ಮುಖ ನೋಡಲು ಚೌಕಟ್ಟನ್ನು ನಿಂತ ನಿಲುವಿನಲ್ಲೇ ತಿರುಗಿಸಿ.

ಬಿಸಿಲು ನಿಮ್ಮ ಹೆಗಲ ಮೇಲಿಂದ ಎರಿಯ ಕೋಶಗಳ ಒಳಗೆ ಬೀಳುವ ಹಾಗೆ ಹಿಡಿಯಿರಿ. ಕೋಶದ ತಳದಲ್ಲಿ ಬಿಳಿ ನೂಲಿನ ಚೂರು ನೆಟ್ಟಗೆ ನಿಂತ ಹಾಗೆ ಕಂಡರೆ ಅದು ಮೊಟ್ಟೆ. ಮೂರು ದಿನದಲ್ಲಿ ಅದು ವಾಲಿ ಮಲಗುತ್ತದೆ, ಆಮೇಲೆ ಮರಿಯಾಗುತ್ತದೆ. ನಿಂತ ಮೊಟ್ಟೆ ಕಂಡಿತೆಂದರೆ ಒಂದೆರಡು ದಿನದ ಒಳಗೆ ರಾಣಿ ಅಲ್ಲಿ ನಡೆದಿದೆ. ರಾಣಿಯನ್ನು ಹುಡುಕುತ್ತಾ ಹೊತ್ತು ಕಳೆಯುವ ಅಗತ್ಯವೇ ಇಲ್ಲ. ಒಂದು ಕೋಶಕ್ಕೆ ಒಂದೇ ಮೊಟ್ಟೆ, ಸರಿಯಾಗಿ ತಳದ ನಡುವೆ ಇದ್ದರೆ ಎಲ್ಲ ಚೆನ್ನಾಗಿದೆ. ಒಂದೊಂದು ಕೋಶದಲ್ಲಿ ಎರಡು ಮೂರು ಮೊಟ್ಟೆ, ಗೋಡೆಗೆ ಅಂಟಿದ ಮೊಟ್ಟೆ ಕಂಡರೆ ರಾಣಿ ಇಲ್ಲವಾಗಿ ಬಹಳ ದಿನವಾಗಿದೆ, ಕೆಲಸದ ಹುಳುಗಳೇ ಮೊಟ್ಟೆ ಇಡಲು ಶುರು ಮಾಡಿವೆ ಎಂದರ್ಥ. ಅವುಗಳಿಂದ ಹುಟ್ಟುವುದು ಬರೀ ಗಂಡು ನೊಣ. ಅಂಥ ಕುಟುಂಬವನ್ನು ಉಳಿಸುವುದು ಕಷ್ಟ, ಬಲವಾದ ಇನ್ನೊಂದಕ್ಕೆ ಸೇರಿಸುವುದೇ ಲೇಸು.

ಮುಚ್ಚಿದ ಕೋಶಗಳಲ್ಲೂ ವ್ಯತ್ಯಾಸ ಇದೆ. ಕೆಲಸದ ಹುಳುವಿನ ಮುಚ್ಚಳ ಸಪಾಟು, ಮಾಸಲು ಕಂದು. ಗಂಡಿನದ್ದು ಉಬ್ಬಿದ ಟೋಪಿ, ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು. ಈ ತೂತು ತುಡುವೆಯ ಗುರುತು. ರಾಣಿ ಕೋಶ ಎರಿಯ ಕೆಳ ಅಂಚಿನಲ್ಲಿ ಶೇಂಗಾಕಾಯಿಯ ಹಾಗೆ ಕೆಳಮುಖ ತೂಗುತ್ತದೆ. ಮೊಟ್ಟೆಯಿಂದ ಹೊರಬರಲು ರಾಣಿಗೆ 15–16 ದಿನ, ಕೆಲಸದ ಹುಳುವಿಗೆ ಸುಮಾರು 20, ಗಂಡಿಗೆ ಸುಮಾರು 24.

ನೋಡಿದ್ದನ್ನು ಅಲ್ಲೇ ಬರೆದುಕೊಳ್ಳಿ: ಎಷ್ಟು ಎರಿಯಲ್ಲಿ ಹುಳು, ಎಷ್ಟರಲ್ಲಿ ಮರಿ, ಪರಾಗ ಇದೆಯೇ, ತುಪ್ಪ ಎಷ್ಟು. ಅಡಿಮಣೆಯನ್ನು ಪ್ರತಿ ಸಲ ಗುಡಿಸಿ. ಅಲ್ಲಿ ಬಿದ್ದ ಮೇಣದ ಪುಡಿಯಲ್ಲೇ ಮೇಣದ ಪತಂಗದ ಹುಳು ಹುಟ್ಟುವುದು. ಅದು ಎರಿಯೊಳಗೆ ಸುರಂಗ ಕೊರೆದು ಜೇಡರಬಲೆಯಂಥ ನೂಲು ಬಿಟ್ಟಿತೆಂದರೆ ತುಡುವೆ ಎದ್ದು ಹೋಗುತ್ತದೆ. ಹುಳು ಕೂರದ ಹಳೆಯ ಕಪ್ಪು ಎರಿ ಇದ್ದರೆ ತೆಗೆದುಬಿಡಿ.

ಕಡಿದರೆ

ಕಡಿಯುತ್ತದೆ. ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ, ಎಷ್ಟು ಬೇಗ ತೆಗೆದರೆ ಅಷ್ಟು ಕಡಿಮೆ ವಿಷ. ಆ ಜಾಗಕ್ಕೆ ಹೊಗೆ ಹಿಡಿದರೆ ವಾಸನೆ ಅಡಗುತ್ತದೆ, ಇನ್ನೊಂದು ಅಲ್ಲೇ ಬಂದು ಕಡಿಯುವುದಿಲ್ಲ. ಊದಿಕೊಂಡರೆ ಎರಡು ದಿನದಲ್ಲಿ ಇಳಿಯುತ್ತದೆ. ಆದರೆ ಕಡಿದದ್ದು ಕೈಗೆ, ದದ್ದು ಎದ್ದದ್ದು ಮೈಯೆಲ್ಲ, ಉಸಿರು ಕಟ್ಟುತ್ತಿದೆ, ತಲೆ ಸುತ್ತುತ್ತಿದೆ, ನಾಲಿಗೆ ತುಟಿ ಊದುತ್ತಿದೆ ಎಂದಾದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮನೆಮದ್ದಿನ ಸಮಯ ಅದಲ್ಲ. ಮನೆಯಲ್ಲಿ ಯಾರಿಗಾದರೂ ಹಿಂದೆ ಹೀಗೆ ಆಗಿದ್ದರೆ ಡಾಕ್ಟರನ್ನು ಕೇಳದೆ ಪೆಟ್ಟಿಗೆ ತರಬೇಡಿ.

ಶತ್ರುಗಳು, ಒಂದು ರೋಗ

ಇರುವೆಗೆ ನೀರಿನ ಬಟ್ಟಲು, ಹಲ್ಲಿ ಜೇಡಕ್ಕೆ ದಿನಕ್ಕೊಮ್ಮೆ ಕಣ್ಣು ಹಾಯಿಸುವುದು. ಕಣಜ ಬಾಗಿಲಲ್ಲಿ ಹೊಂಚು ಹಾಕಿ ಒಂದೊಂದೇ ಹುಳು ಎತ್ತಿಕೊಂಡು ಹೋಗುತ್ತದೆ. ಬಾಗಿಲು ಕಿರಿದು ಮಾಡಿ, ಹಳೆಯ ಶಟಲ್ ಬ್ಯಾಟ್ ಕೈಗೆ ಸಿಗುವಲ್ಲಿಡಿ. ಕಳ್ಳಿಪೀರ, ಕಾಜಾಣ ಹಕ್ಕಿಗಳೂ ತಿನ್ನುತ್ತವೆ. ಅವು ತಿನ್ನಲಿ, ಬಲವಾದ ಕುಟುಂಬಕ್ಕೆ ಅದು ದೊಡ್ಡ ನಷ್ಟವಲ್ಲ. ತೋಟಕ್ಕೆ ಔಷಧಿ ಹೊಡೆಯುವವರು ಸಂಜೆ, ಹುಳುಗಳು ಮರಳಿದ ಮೇಲೆ ಹೊಡೆಯಲಿ. ಅಕ್ಕಪಕ್ಕದವರಿಗೂ ಕೇಳಿಕೊಳ್ಳಿ.

ಹೆಸರು ತಿಳಿದಿರಲೇಬೇಕಾದ ರೋಗ ಥಾಯ್ ಸ್ಯಾಕ್ ಬ್ರೂಡ್. ವೈರಸ್ಸಿನಿಂದ ಬರುವುದು. 1970ರ ದಶಕದಲ್ಲಿ ಥಾಯ್ಲೆಂಡಿನಲ್ಲಿ ಕಂಡು, 1991–92ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಹಬ್ಬಿ ಇಲ್ಲಿನ ತುಡುವೆ ಕುಟುಂಬಗಳ ಬಹುಪಾಲನ್ನು ಅಳಿಸಿತು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ಹಳೆಯ ಮನೆಗಳ ಅಟ್ಟದಲ್ಲಿ ಖಾಲಿ ಜೇನು ಪೆಟ್ಟಿಗೆಗಳು ರಾಶಿ ಬಿದ್ದಿದ್ದರೆ ಕಾರಣ ಅದೇ. ಮರಿ ಕೋಶದೊಳಗೆ ಮಲಗಿದ ಹಾಗೇ ಸತ್ತು, ತಲೆ ಮೇಲಕ್ಕೆ ಚೂಪಾಗಿ ಎದ್ದಿರುತ್ತದೆ. ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬರುತ್ತದೆ. ಮದ್ದಿಲ್ಲ. ರೋಗದ ಎರಿ ತೆಗೆದು ಸುಟ್ಟು, ಆ ಕುಟುಂಬದ ಚೌಕಟ್ಟು, ಉಳಿ ಇನ್ನೊಂದಕ್ಕೆ ತಾಗದಂತೆ ನೋಡಿಕೊಂಡು, ಮೊಟ್ಟೆ ಇಡುವುದು ಕೆಲ ದಿನ ನಿಲ್ಲುವಂತೆ ಮಾಡಿ ಹೊಸ ರಾಣಿ ಬರಲು ಬಿಟ್ಟರೆ ಕೆಲವು ಚೇತರಿಸಿಕೊಳ್ಳುತ್ತವೆ. ಆ ಅಲೆಯಲ್ಲಿ ಉಳಿದ ಕುಟುಂಬಗಳ ಸಂತತಿಯನ್ನೇ ನಾವು ಇವತ್ತು ಸಾಕುತ್ತಿರುವುದು. ಇದೇ ಕಾರಣಕ್ಕೆ ದೂರದೂರಿನಿಂದ ಕುಟುಂಬ ತರುವುದಕ್ಕಿಂತ ನಿಮ್ಮ ಸುತ್ತಿನದ್ದೇ ತನ್ನಿ.

ಪಾಲು

ಕುಟುಂಬ ತುಂಬಿ ತುಳುಕಿದಾಗ ಅದು ತಾನೇ ಪಾಲಾಗುತ್ತದೆ. ಹೊಸ ರಾಣಿ ಕೋಶ ಕಟ್ಟಿ ಮುಚ್ಚಿದ ಮೇಲೆ ಹಳೆಯ ರಾಣಿ ಅರ್ಧದಷ್ಟು ಹುಳುಗಳನ್ನು ಕರೆದುಕೊಂಡು ಹೊರಡುತ್ತದೆ. ತಾಯಿ ತುಂಬಿದ ಮನೆಯನ್ನು ಮಗಳಿಗೆ ಬಿಟ್ಟು ತಾನು ಹೊಸ ಜಾಗ ಹುಡುಕಿಕೊಂಡು ಹೋಗುತ್ತದೆ. ಹಾಗೆ ಹೋಗುವ ಮೊದಲೇ ನೀವು ಪಾಲು ಮಾಡಿದರೆ ಒಂದು ಪೆಟ್ಟಿಗೆ ಎರಡಾಗುತ್ತದೆ.

ಡಿಸೆಂಬರಿನಿಂದ ಆಚೆ ಪ್ರತಿ ನೋಟದಲ್ಲೂ ಎರಿಯ ಕೆಳ ಅಂಚು ನೋಡುತ್ತಿರಿ. ಮುಚ್ಚಿದ ರಾಣಿ ಕೋಶ ಕಂಡ ದಿನ ಇನ್ನೊಂದು ಪೆಟ್ಟಿಗೆ ಸಿದ್ಧ ಮಾಡಿ. ಹಳೆಯ ರಾಣಿ ಇರುವ ಎರಿಯನ್ನೂ ಇನ್ನೆರಡು ಮೂರು ಎರಿಗಳನ್ನೂ ಹೊಸ ಪೆಟ್ಟಿಗೆಗೆ ಇಡಿ. ಅವುಗಳಲ್ಲಿ ರಾಣಿ ಕೋಶ ಉಳಿಯದಂತೆ ನೋಡಿಕೊಳ್ಳಿ. ಹಳೆಯದರಲ್ಲಿ ಚೆನ್ನಾಗಿ ಬೆಳೆದ ಒಂದೇ ರಾಣಿ ಕೋಶ ಬಿಟ್ಟು ಉಳಿದವನ್ನು ಚಿವುಟಿ. ಎರಡು ಪೆಟ್ಟಿಗೆಗಳನ್ನು ಮೊದಲಿನ ಜಾಗದಿಂದ ಒಂದೊಂದು ಅಡಿ ಎಡಕ್ಕೂ ಬಲಕ್ಕೂ ಇಟ್ಟರೆ ಮೇವಿನಿಂದ ಬಂದ ಹುಳುಗಳು ಎರಡಕ್ಕೂ ಹಂಚಿಕೊಳ್ಳುತ್ತವೆ. ಒಂದಕ್ಕೇ ಜಾಸ್ತಿ ನುಗ್ಗಿದರೆ ಅದನ್ನು ಸ್ವಲ್ಪ ದೂರ ಸರಿಸಿ. ಕೋಶದ ತುದಿಯ ಮೇಣವನ್ನು ಹುಳುಗಳೇ ತೆಗೆದು ಕಂದು ಬಣ್ಣ ಕಂಡರೆ ರಾಣಿ ಹೊರಬರುವ ದಿನ ಹತ್ತಿರ. ಹೊರಬಂದ ರಾಣಿ ಹಾರಿ, ಕೂಡಿ, ಮೊಟ್ಟೆ ಇಡಲು ಹತ್ತು ಹನ್ನೆರಡು ದಿನ ಬೇಕು. ಅಲ್ಲಿಯವರೆಗೆ ಆ ಪೆಟ್ಟಿಗೆ ತೆಗೆಯಬೇಡಿ.

ಮೊದಲ ವರ್ಷವೇ ತುಪ್ಪವೂ ಬೇಕು ಪಾಲೂ ಬೇಕು ಎಂದರೆ ಎರಡೂ ಸಪ್ಪೆಯಾಗುತ್ತವೆ. ನನ್ನನ್ನು ಕೇಳಿದರೆ ಬೇಗ ಪಾಲು ಮಾಡಿ, ತುಪ್ಪ ಸಿಕ್ಕಷ್ಟು.

ತುಪ್ಪ

ಸಂಸಾರ ಕೋಣೆ ಪೂರ್ತಿ ಹುಳು ತುಂಬಿ, ಎರಿಯ ಮೇಲಂಚಿನಲ್ಲಿ ಹೊಸ ಬಿಳಿ ಮೇಣ ಕಾಣಿಸಿದಾಗ ತುಪ್ಪದ ಕೋಣೆ ಏರಿಸಿ. ಚೌಕಟ್ಟಿನ ಪಟ್ಟಿಗೆ ಕರಗಿಸಿದ ಮೇಣದ ಗೆರೆ ಎಳೆದರೆ ಅದೇ ಗೆರೆ ಹಿಡಿದು ನೇರವಾಗಿ ಎರಿ ಕಟ್ಟುತ್ತವೆ.

ತೆಗೆಯುವುದು ತುಪ್ಪದ ಕೋಣೆಯದ್ದು ಮಾತ್ರ. ಸಂಸಾರ ಕೋಣೆಯ ತುಪ್ಪ ಅವುಗಳ ಊಟ. ಎರಿಯ ಮುಕ್ಕಾಲು ಭಾಗ ಮೇಣದಿಂದ ಮುಚ್ಚಿದ ಮೇಲೆ ತೆಗೆಯಿರಿ. ಮುಚ್ಚುವುದು ಎಂದರೆ ಹಣ್ಣಾಗಿದೆ, ನೀರಂಶ ಇಳಿದಿದೆ ಎಂದು ಹುಳುಗಳೇ ಮೊಹರು ಹಾಕಿದ ಹಾಗೆ. ಮೊದಲೇ ತೆಗೆದರೆ ಒಂದೆರಡು ತಿಂಗಳಿಗೆ ನೊರೆ ಎದ್ದು ಹುಳಿಯಾಗುತ್ತದೆ. ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಮೇಣದ ಪೊರೆ ಕೆರೆದು ಯಂತ್ರದಲ್ಲಿ ತಿರುಗಿಸಿ. ಎರಿ ಮುರಿಯದಂತೆ ಮೊದಲು ನಿಧಾನ. ಖಾಲಿ ಎರಿಯನ್ನು ಅದೇ ಸಂಜೆ ಮತ್ತೆ ಪೆಟ್ಟಿಗೆಗೆ ಇಟ್ಟರೆ ಹುಳುಗಳು ಮೇಣ ಕಟ್ಟುವ ಶ್ರಮವಿಲ್ಲದೆ ತುಂಬಲು ಶುರು ಮಾಡುತ್ತವೆ. ಈ ಕೆಲಸ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಆಗಲಿ, ಅಂಗಳದಲ್ಲಿ ಮಾಡಿದರೆ ಅರ್ಧ ಗಂಟೆಯಲ್ಲಿ ಸುತ್ತಲಿನ ಜೇನೆಲ್ಲ ಅಲ್ಲಿರುತ್ತದೆ. ದುರ್ಬಲ ಪೆಟ್ಟಿಗೆಯ ಹತ್ತಿರ ತುಪ್ಪ ಚೆಲ್ಲಿದರೂ ಅಷ್ಟೇ, ಬೇರೆ ಕುಟುಂಬದವು ನುಗ್ಗಿ ದೋಚುತ್ತವೆ.

ಬಟ್ಟೆಯಲ್ಲಿ ಸೋಸಿ, ಎರಡು ದಿನ ಮುಚ್ಚಿಟ್ಟು, ಮೇಲೆ ತೇಲಿದ ನೊರೆ ತೆಗೆದು, ತೇವ ಇಲ್ಲದ ಗಾಜಿನ ಬಾಟಲಿಗೆ ತುಂಬಿ. ಕಾಯಿಸಬೇಡಿ. ಮುಂದೆ ಹರಳುಗಟ್ಟಿದರೆ ಹೆದರಬೇಡಿ, ಸಕ್ಕರೆ ಬೆರೆತಿದೆ ಎಂದು ಅದರ ಅರ್ಥವಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಆ ವಯಸ್ಸಿನ ಕರುಳು ತಡೆಯಲಾರದ ಬಾಟ್ಯುಲಿಸಂ ಬೀಜಾಣು ಅಪ್ಪಟ ತುಪ್ಪದಲ್ಲೂ ಇರಬಹುದು.

ಒಂದು ಪೆಟ್ಟಿಗೆಯಿಂದ ವರ್ಷಕ್ಕೆ ಐದಾರು ಕಿಲೋ ಬಂದರೆ ಒಳ್ಳೆಯ ಫಸಲು. ಮೊದಲ ವರ್ಷ ಒಂದೆರಡು ಕಿಲೋ ಸಿಕ್ಕರೂ ತೃಪ್ತಿಪಡಿ. ಮೇ ಕೊನೆಯ ತುಪ್ಪಕ್ಕೆ ಕೈ ಹಾಕಬೇಡಿ.

ಮಳೆಗಾಲ

ಜೂನ್ ಬಂತೆಂದರೆ ತುಪ್ಪದ ಕೋಣೆ ಇಳಿಸಿ. ಖಾಲಿ ಎರಿಗಳನ್ನು ಗಾಳಿಯಾಡದ ಡಬ್ಬದಲ್ಲಿ ಪತಂಗ ಹೋಗದಂತೆ ಮುಚ್ಚಿಡಿ. ಹುಳು ಕೂರದ ಎರಿಗಳನ್ನು ಸಂಸಾರ ಕೋಣೆಯಿಂದಲೂ ತೆಗೆದು, ಉಳಿದವನ್ನು ಒಂದು ಬದಿಗೆ ಒತ್ತಿ ಪಕ್ಕಕ್ಕೆ ಹಲಗೆ ಕೊಡಿ, ಜಾಗ ಚಿಕ್ಕದಾದಷ್ಟು ಬೆಚ್ಚಗೆ. ಮುಚ್ಚಳದ ಮೇಲೆ ಶೀಟು ಹೊದೆಸಿ, ಪೆಟ್ಟಿಗೆಯನ್ನು ಬಾಗಿಲ ಕಡೆಗೆ ಕೂದಲೆಳೆಯಷ್ಟು ಇಳಿಜಾರು ಮಾಡಿ. ಒಳಗೆ ನೀರು ನಿಲ್ಲಬಾರದು.

ಮಲೆನಾಡಿನ ಜಡಿಮಳೆಯಲ್ಲಿ ಹುಳುಗಳು ವಾರಗಟ್ಟಲೆ ಹೊರಗೆ ಹೋಗಲಾಗದ ದಿನಗಳಿವೆ. ಮೊದಲ ಮಳೆಗಾಲದಲ್ಲಿ ಕುಟುಂಬ ಕಳೆದುಕೊಳ್ಳುವವರು ಹೆಚ್ಚಾಗಿ ಕಳೆದುಕೊಳ್ಳುವುದು ಹಸಿವಿನಿಂದ. ಒಳಗೆ ತುಪ್ಪ ತೀರುತ್ತಾ ಬಂದರೆ ಸಮಸಮ ಸಕ್ಕರೆ ನೀರು ಬೆರೆಸಿ ಕಾಯಿಸಿ, ಆರಿಸಿ, ಒಂದು ಲೋಟದಷ್ಟನ್ನು ಬಟ್ಟಲಿಗೆ ಹಾಕಿ, ಇಳಿಸಿಟ್ಟ ತುಪ್ಪದ ಕೋಣೆಯನ್ನು ಎರಿಯಿಲ್ಲದೆ ಮೇಲೆ ಏರಿಸಿ ಅದರಲ್ಲಿಡಿ. ಹುಳು ಮುಳುಗದಂತೆ ಬಟ್ಟಲಿಗೆ ನಾಲ್ಕು ಒಣಕಡ್ಡಿ ಹಾಕಿ. ಸಂಜೆ ಇಟ್ಟರೆ ಬೆಳಗ್ಗೆ ಖಾಲಿ. ವಾರಕ್ಕೆ ಎರಡು ಸಲ ಸಾಕು. ಬೆಲ್ಲ ಕೊಡಬೇಡಿ, ಹೊಟ್ಟೆ ಕೆಡುತ್ತದೆ. ಹೂವಿನ ಕಾಲದಲ್ಲಿ ಸಕ್ಕರೆ ಕೊಟ್ಟು ಅದನ್ನೇ ತುಪ್ಪವೆಂದು ತೆಗೆಯುವವರಿದ್ದಾರೆ. ಅದು ಜೇನಿಗೂ ಮೋಸ, ತಿನ್ನುವವರಿಗೂ ಮೋಸ.

ಈ ನಾಲ್ಕು ತಿಂಗಳು ಪೆಟ್ಟಿಗೆ ತೆಗೆಯುವುದು ಆದಷ್ಟು ಕಡಿಮೆಯಾಗಲಿ. ಮಳೆ ಹೊಳವಾದ ಹೊತ್ತಿನಲ್ಲಿ ಪೆಟ್ಟಿಗೆಗೆ ಕಿವಿ ಕೊಟ್ಟು ಬೆರಳಿನಿಂದ ಮೆಲ್ಲಗೆ ತಟ್ಟಿ. "ಝುಂ" ಎಂದು ಒಮ್ಮೆ ಎದ್ದು ತಕ್ಷಣ ಅಡಗಿದರೆ ರಾಣಿ ಇದೆ, ಕುಟುಂಬ ಗಟ್ಟಿ ಇದೆ. ಎದ್ದ ಸದ್ದು ಅಡಗದೆ ಗೋಳಿನಂತೆ ಎಳೆಯುತ್ತಿದ್ದರೆ ಮುಂದಿನ ಬಿಸಿಲಿಗೆ ತೆಗೆದು ಮೊಟ್ಟೆ ಇದೆಯೇ ನೋಡಿ. ಸೆಪ್ಟೆಂಬರಿನಲ್ಲಿ ಬಿಸಿಲು ಇಣುಕಿ, ಗದ್ದೆಯ ಅಂಚಿನಲ್ಲಿ ನಾಚಿಕೆಮುಳ್ಳು ಅರಳಿ, ಬಾಗಿಲಿಗೆ ಬಂದಿಳಿಯುವ ಹುಳುಗಳ ಹಿಂಗಾಲಿನಲ್ಲಿ ಪರಾಗದ ಉಂಡೆ ಕಾಣಲು ಶುರುವಾದ ದಿನ ಸಕ್ಕರೆ ಪಾಕ ನಿಲ್ಲಿಸಿ.